ಮೈಸೂರಿನ ಕಪಾಟಿನಲ್ಲಿ ಮರಳುಗಾಡಿನ ಗಿಡ

ಸಂಘಮಿತ್ರಳಿಗೆ ಕಿವಿ ಕೇಳದೆ ಹೋದದ್ದು ಒಂದೇ ದಿನದಲ್ಲಲ್ಲ. ಇಪ್ಪತ್ತಾರನೇ ವಯಸ್ಸಿಗೆ ಬಂದ ಒಂದು ಜ್ವರ ಇಳಿದ ಮೇಲೆ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ನಿಂತುಕೊಂಡಿತು. ಆಮೇಲೆ ಬಲಗಿವಿಗೂ ಬಂತು. ಆಗ ಅವಳು ಒಂದು ಸಣ್ಣ ಶಿಶುವಿಹಾರದಲ್ಲಿ ಟೀಚರು. ಮಕ್ಕಳು "ಮಿಸ್, ಮಿಸ್" ಎಂದು ಸೆರಗು ಎಳೆದರೆ ಮಾತ್ರ ತಿರುಗುತ್ತಿದ್ದಳು. ಒಂದು ಮಧ್ಯಾಹ್ನ ಒಂದು ಮಗು ಬಚ್ಚಲಿನ ಚಿಲಕ ಹಾಕಿಕೊಂಡು, ತೆಗೆಯಲು ಬಾರದೆ, ಒಳಗೇ ಅತ್ತು ಅತ್ತು ಸುಸ್ತಾಯಿತು. ಇವಳು ಗೋಡೆಯ ಈಚೆ ಕೂತು ಬಣ್ಣದ ಕಾಗದ ಕತ್ತರಿಸುತ್ತಿದ್ದಳು. ಶಾಲೆಯವರು ಬೈಯಲಿಲ್ಲ. ತಿಂಗಳ ಕೊನೆಗೆ "ನಿಮಗೇ ಕಷ್ಟ ಆಗುತ್ತೆ ಕಣ್ರೀ" ಎಂದು ಕಳಿಸಿಕೊಟ್ಟರು.

ಅಪ್ಪ ಮಹದೇವಯ್ಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ತಾವು ಬೌದ್ಧ ಧರ್ಮಕ್ಕೆ ಸೇರಿದ ವರ್ಷವೇ ಹುಟ್ಟಿದ ಮಗಳಿಗೆ ಆ ಹೆಸರಿಟ್ಟು, "ಸಮುದ್ರ ದಾಟಿ ಹೋದ ಹೆಣ್ಣುಮಗಳ ಹೆಸರು ಇದು" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಮಗಳನ್ನು ಊರಲ್ಲೇ ಇದ್ದ ವಾಕ್ ಶ್ರವಣ ಸಂಸ್ಥೆಗೆ ಕೈಹಿಡಿದು ಕರೆದುಕೊಂಡು ಹೋದವರೂ ಅವರೇ. ಅಲ್ಲಿ ಕೊಟ್ಟ ಯಂತ್ರ ಹಾಕಿಕೊಂಡರೆ ಸದ್ದು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕುಕ್ಕರಿನ ಸೀಟಿ, ಬಸ್ಸಿನ ಹಾರನ್ನು, ಅಮ್ಮನ ದನಿ ಎಲ್ಲವೂ ಒಂದೇ ಥರ ಪರಪರ ಎನ್ನುತ್ತಿದ್ದವು. ನರವೇ ಸೋತಿದೆ, ಇಷ್ಟೇ ಆಗುವುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವಳು ಯಂತ್ರವನ್ನು ಡಬ್ಬಿಗೆ ಹಾಕಿ ಎತ್ತಿಟ್ಟು, ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ತಾನೇ ಕಲಿತಳು. ಎದುರು ಕೂತು ನಿಧಾನವಾಗಿ ಆಡಿದರೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಊಹೆ.

ಹೆಣ್ಣು ನೋಡಲು ಬಂದವರಲ್ಲಿ ಹುಡುಗನ ಅತ್ತೆಯೊಬ್ಬರು, ಇವಳು ಕಾಫಿ ತಟ್ಟೆ ಹಿಡಿದು ಹಿಂದಿರುಗುವಾಗ, ಬೇಕೆಂದೇ ಬೆನ್ನ ಹಿಂದಿನಿಂದ ಹೆಸರು ಹಿಡಿದು ಕರೆದರಂತೆ. ಇವಳು ತಿರುಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಪುಟ್ಟಲಿಂಗಮ್ಮನ ಮುಖ ನೋಡಿ ಏನಾಯಿತೆಂದು ಗೊತ್ತಾಯಿತು. ಆಮೇಲೆ ಯಾರೂ ಬರಲಿಲ್ಲ. ಅಪ್ಪ ಹೋದರು, ಕೆಲವು ವರ್ಷ ಬಿಟ್ಟು ಅಮ್ಮನೂ ಹೋದರು. ತಮ್ಮ ನಾಗೇಂದ್ರ ಹೆಂಡತಿ ಮಕ್ಕಳೊಂದಿಗೆ ರಾಜೀವನಗರದಲ್ಲಿ ಮನೆ ಮಾಡಿದ. ಕೆಟ್ಟವನಲ್ಲ. ಫೋನು ಮಾಡಿ ಮಾತಾಡಿಸುವ ಅಕ್ಕ ಅಲ್ಲವಾದ್ದರಿಂದ ಬರಬರುತ್ತಾ ಮಾತಾಡಿಸುವುದೇ ತಪ್ಪಿಹೋಯಿತು. ಸಂಘಮಿತ್ರ ವಿದ್ಯಾರಣ್ಯಪುರಂನ ಒಂದು ಮನೆಯ ಮಹಡಿಯ ಮೇಲೆ ಒಂದೇ ಕೋಣೆ ಬಾಡಿಗೆಗೆ ಹಿಡಿದಳು. ಯಾರಾದರೂ ಬಂದು ಬಾಗಿಲು ತಟ್ಟಿದರೆ ಗೊತ್ತಾಗುವುದಿಲ್ಲವೆಂದು ಮೊದಮೊದಲು ಬಾಗಿಲು ತೆರೆದೇ ಇಡುತ್ತಿದ್ದಳು. ಯಾರೂ ಬರುವುದಿಲ್ಲವೆಂದು ತಿಳಿದ ಮೇಲೆ ಹಾಕಿಕೊಳ್ಳತೊಡಗಿದಳು.

ನಲವತ್ತು ದಾಟಿದ ಮೇಲೆ ಅವಳಿಗೆ ಸಿಕ್ಕಿದ್ದು ಹರ್ಬೇರಿಯಂನ ಕೆಲಸ. ಊರಿನ ಒಂದು ಹಳೆಯ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ, ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಚೀಟಿ ಹಚ್ಚಿ, ಕಪಾಟುಗಳಲ್ಲಿ ಜೋಡಿಸಿಟ್ಟಿದ್ದ ಉದ್ದನೆಯ ಕೋಣೆ ಅದು. ಯಾವ ಗಿಡ, ಯಾವ ಊರಲ್ಲಿ ಸಿಕ್ಕಿತು, ಯಾವತ್ತು, ಯಾರು ಕಿತ್ತರು, ಸುತ್ತ ನೆಲ ಹೇಗಿತ್ತು ಎಂಬುದು ಚೀಟಿಯ ಮೇಲೆ ಇರುತ್ತಿತ್ತು. ಪ್ರತಿ ಹಾಳೆಯ ಫೋಟೋ ತೆಗೆದು ಚೀಟಿಯ ಮಾಹಿತಿಯನ್ನು ಕಂಪ್ಯೂಟರಿಗೆ ಏರಿಸಲು ಒಬ್ಬರು ಬೇಕಾಗಿತ್ತು. ವಿಭಾಗದ ಮುಖ್ಯಸ್ಥೆ ಪ್ರೇಮಲೀಲಾ ಮೇಡಂ ಅರ್ಜಿ ಹಾಕಿದವರನ್ನೆಲ್ಲ ನೋಡಿ ಇವಳನ್ನು ಆರಿಸಿ, ಒಂದು ಕಾಗದದ ಮೇಲೆ ಬರೆದು ತೋರಿಸಿದರು: "ಇಲ್ಲಿ ಮಾತಾಡುವ ಕೆಲಸ ಇಲ್ಲ. ಒಪ್ಪಿಗೆಯಾ?"

ಅವಳು ಒಪ್ಪಿದಳು. ಕೋಣೆಯಲ್ಲಿ ಅವಳ ಜೊತೆಗಿದ್ದವರು ಅಟೆಂಡರ್ ಪುಟ್ಟಮಾದಯ್ಯ ಒಬ್ಬರೇ. ನಂಜನಗೂಡು ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು. ಕಪಾಟುಗಳಿಗೆ ನುಸಿಗುಳಿಗೆ ಹಾಕುವುದು, ಹಾಳೆಯ ಕಟ್ಟು ಇಳಿಸಿಕೊಡುವುದು, ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹುಣಸೆಮರದ ಕೆಳಗೆ ಹೋಗುವುದು ಅವರ ದಿನಚರಿ. ಇವಳಿಗೆ ಏನಾದರೂ ಹೇಳಬೇಕಿದ್ದರೆ ಮೇಜು ತಟ್ಟಿ, ಮುಖ ತಂದು ಎದುರಿಗೆ ಹಿಡಿದು, "ಮಿತ್ರವ್ವಾ" ಎಂದು ಬಾಯಿ ಅಗಲಿಸಿ ಹೇಳುತ್ತಿದ್ದರು. ಅಷ್ಟು ಅಗಲಿಸಿದರೆ ತುಟಿ ಓದುವುದು ಇನ್ನೂ ಕಷ್ಟ ಎಂದು ಅವಳು ಅವರಿಗೆ ಹೇಳಲೇ ಇಲ್ಲ.

ಕೆಲಸಕ್ಕೆ ಸೇರಿ ಒಂದು ವರ್ಷ ಕಳೆದಿತ್ತು. ಒಂದು ದಿನ ಮೇಡಂ ಒಂದು ಇಮೇಲಿನ ಪ್ರತಿ ತಂದು ಅವಳ ಮುಂದಿಟ್ಟರು. ಜೋಧಪುರದ ಒಂದು ಸಂಶೋಧನಾ ಸಂಸ್ಥೆಯಿಂದ ಬಂದದ್ದು. ಥಾರ್ ಮರಳುಗಾಡಿನಲ್ಲಿ ತಾನೇ ತಾನಾಗಿ ಬೆಳೆಯುವ ಫೋಗ್ ಎಂಬ ಪೊದೆಗಿಡ ಕಡಿಮೆಯಾಗುತ್ತಿದೆ, ದೇಶದ ಯಾವ ಯಾವ ಹರ್ಬೇರಿಯಂಗಳಲ್ಲಿ ಅದರ ಹಳೆಯ ಹಾಳೆಗಳಿವೆಯೋ ಅವುಗಳ ದಾಖಲೆ ಬೇಕು, ಹಿಂದೆ ಎಲ್ಲೆಲ್ಲಿತ್ತು ಎಂದು ತಿಳಿದರೆ ಈಗ ಅಲ್ಲಿಗೆ ಹೋಗಿ ನೋಡಬಹುದು ಎಂದಿತ್ತು. ಮೈಸೂರಿನಲ್ಲಿ ಮರಳುಗಾಡಿನ ಗಿಡವೇ ಎಂದು ಅವಳಿಗೆ ಅನ್ನಿಸಿತು. ಹುಡುಕಿದಾಗ ಹಿಂದಿನ ಕಪಾಟಿನ ಮೇಲಿನ ಅರೆಯಲ್ಲಿ ಒಂದು ದಪ್ಪ ಕಟ್ಟು ಸಿಕ್ಕಿತು. ಆ ಕಾಲೇಜಿನಲ್ಲಿ ಹಿಂದೆ ಪಾಠ ಮಾಡಿದ ಅಧ್ಯಾಪಕರೊಬ್ಬರು ಹರೆಯದಲ್ಲಿ ಕೆಲವು ವರ್ಷ ರಾಜಸ್ಥಾನದಲ್ಲಿದ್ದು ಬರುವಾಗ ತಂದದ್ದು.

ಫೋಗ್‌ಗೆ ಎಲೆ ಎನ್ನುವಂಥದ್ದು ಇರಲಿಲ್ಲ. ಗಂಟುಗಂಟಾದ ಕಡ್ಡಿಗಳ ಗೊಂಚಲು ಅಷ್ಟೆ. ಕೆಲವು ಹಾಳೆಗಳಲ್ಲಿ ಮಾತ್ರ ಕೂದಲು ಮುಚ್ಚಿದ ಸಣ್ಣ ಹಣ್ಣುಗಳು ಇದ್ದವು, ಕೆಂಪು ಮಾಸಿ ಕಂದಾಗಿದ್ದವು. ಒಂದು ಹಾಳೆ ಎತ್ತಿದಾಗ ಗಿಡದ ಬುಡದಿಂದ ಚಿಟಿಕೆ ಮರಳು ಮೇಜಿನ ಮೇಲೆ ಉದುರಿತು. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ, ಫಲೋದಿಯ ಉತ್ತರಕ್ಕೆ, ಮರಳು ದಿಬ್ಬಗಳ ಮೇಲೆ ಎಲ್ಲೆಲ್ಲೂ, ಎಂದು ಬರೆದಿತ್ತು. ಅವಳು ಹಾಳೆಗಳ ಫೋಟೋ ತೆಗೆದು, ಚೀಟಿಯಲ್ಲಿದ್ದದ್ದನ್ನು ಟೈಪು ಮಾಡಿ, ಇಮೇಲಿನಲ್ಲಿದ್ದ ನಂಬರಿಗೆ ವಾಟ್ಸಾಪ್ ಮಾಡಿದಳು. ಇಂಗ್ಲಿಷಿನಲ್ಲಿ ಧನ್ಯವಾದ ಬಂತು. ಅದರ ಬೆನ್ನಿಗೇ ಇನ್ನೊಂದು.

"ನೀವು ಮೈಸೂರಿನವರೇನಾ? ನಾನೂ ಕಣ್ರೀ! ಸೌಮ್ಯ ಅಂತ. ಮನೆ ವಿಜಯನಗರ. ಕನ್ನಡದಲ್ಲಿ ಬರೀಬಹುದಾ ನಿಮಗೆ? ಇಲ್ಲಿ ಕನ್ನಡ ಟೈಪ್ ಮಾಡೋಕ್ಕೆ ಒಬ್ಬರೂ ಇಲ್ಲ."

ಹೀಗೆ ಶುರುವಾಯಿತು. ಸೌಮ್ಯಳಿಗೆ ಇಪ್ಪತ್ತೆಂಟು ವರ್ಷ. ಜೋಧಪುರದಲ್ಲಿ ಒಂದು ಕೋಣೆ ಮಾಡಿಕೊಂಡು ಒಬ್ಬಳೇ ಇದ್ದಳು. ಸಂಘಮಿತ್ರ ಕಳಿಸಿದ ಚೀಟಿಯ ಜಾಗಗಳನ್ನು ಒಂದೊಂದಾಗಿ ಹುಡುಕಿಕೊಂಡು ಜೀಪಿನಲ್ಲಿ ಹೋಗುವಳು, ಅಲ್ಲಿಂದ "ಇದೆ" ಎಂದೋ "ಇಲ್ಲ" ಎಂದೋ ಬರೆಯುವಳು. ಇಲ್ಲ ಎನ್ನುವುದೇ ಹೆಚ್ಚು. ಒಂದು ಕಡೆ ಕಾಲುವೆ ಬಂದು ಸಾಸಿವೆ ಹೊಲವಾಗಿತ್ತು. ಇನ್ನೊಂದು ಕಡೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು. ಮತ್ತೊಂದು ಕಡೆ ಇದ್ದಿಲಿಗೆಂದು ಬೇರು ಸಮೇತ ಅಗೆದು ಒಯ್ದಿದ್ದರು. ಸಂಘಮಿತ್ರ ಒಂದು ಸಲ ಬಾಪ್ ಎನ್ನುವ ಊರಿನ ಹೆಸರನ್ನು ಬಾರ್ ಎಂದು ಓದಿ ಕಳಿಸಿದ್ದಳು.

"ಅಕ್ಕ, ಅದು ಬಾಪ್. ಬಾರ್ ಎಲ್ಲಿ ಅಂತ ದಾರೀಲಿ ಕೇಳ್ದೆ. ಜೀಪ್ ಡ್ರೈವರ್ ನನ್ನನ್ನೇ ಒಂಥರಾ ನೋಡ್ತಿದ್ದಾನೆ."

ಸಂಘಮಿತ್ರ ಜೋರಾಗಿ ನಕ್ಕುಬಿಟ್ಟಳು. ಎಷ್ಟು ಜೋರಾಗಿ ಎಂದು ಅವಳಿಗೆ ಗೊತ್ತಾಗುವಂತಿರಲಿಲ್ಲ; ಪುಟ್ಟಮಾದಯ್ಯ ಗಾಬರಿಯಾಗಿ ಕಪಾಟಿನ ಹಿಂದಿನಿಂದ ಇಣುಕಿದರು.

ಗಿಡದ ಮಾತು ಮುಗಿದ ಮೇಲೆ ಬೇರೆ ಮಾತು ಬರುತ್ತಿತ್ತು. ಅಲ್ಲಿನವರು ಫೋಗಿನ ಹೂವನ್ನು ಮೊಸರಿಗೆ ಕಲಸಿ ತಿನ್ನುತ್ತಾರೆಂದು, ತನಗೆ ಉಪ್ಪುಸಾರು ಮುದ್ದೆ ನೆನಪಾಗಿ ಅಳು ಬಂತೆಂದು ಸೌಮ್ಯ ಬರೆದಳು. ವಿಜಯನಗರದ ನೀರಿನ ಟ್ಯಾಂಕಿನ ಹತ್ತಿರದ ಮನೆ, ಹಸಿರು ಗೇಟು, ಅಪ್ಪ ನಂಜುಂಡಸ್ವಾಮಿ, ತಮ್ಮ ದಿಲೀಪ್, ಗೇಟಿನ ಮುಂದೆ ನಿಂತು ಸೊಪ್ಪಿನವಳ ಜೊತೆ ಚೌಕಾಸಿ ಮಾಡುವ ಅಮ್ಮ ಬೆಟ್ಟಮ್ಮ, ಎಲ್ಲವನ್ನೂ ಬರೆದಳು. ಸಂಘಮಿತ್ರ ತನ್ನ ಅಪ್ಪನ ಬಗ್ಗೆ, ಶಾಲೆಯ ಮಕ್ಕಳ ಬಗ್ಗೆ ಬರೆದಳು. ಕಿವಿಯ ಬಗ್ಗೆ ಬರೆಯಲಿಲ್ಲ. ಮುಚ್ಚಿಡಬೇಕೆಂದೇನೂ ಇರಲಿಲ್ಲ. ಬರೆಯುವಾಗ ಅದರ ಮಾತೇ ಬರುವುದಿಲ್ಲ. ಎಷ್ಟೋ ವರ್ಷದಿಂದ ಅವಳನ್ನು ಕಂಡವರಿಗೆ ಮೊದಲು ಕಾಣುತ್ತಿದ್ದದ್ದು ಕೇಳದ ಕಿವಿ, ಆಮೇಲೆ ಅವಳು. ಇಲ್ಲಿ ಮೊದಲ ಬಾರಿ ಬರೀ ಅಕ್ಕ ಆಗಿದ್ದಳು. ಸಂಜೆ ಕೋಣೆಗೆ ಹೋಗಿ ಅನ್ನಕ್ಕೆ ಇಟ್ಟು, ಫೋನನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಕಾಣುವ ಹಾಗೆ ಇಡುತ್ತಿದ್ದಳು. ಪರದೆ ಬೆಳಗಿದರೆ ಕೈ ಒರೆಸಿಕೊಂಡು ಓಡುತ್ತಿದ್ದಳು.

ಬೇಸಿಗೆ ಬಂತು. ಬಿಸಿಲಿಗೆ ಫೋನಿನ ಪರದೆ ಕಾಣುವುದಿಲ್ಲ, ಬೆರಳು ಬೆವರಿ ಅಕ್ಷರ ತಪ್ಪುತ್ತದೆ ಎಂದು ಸೌಮ್ಯ ಮಾತಾಡಿ ಕಳಿಸಲು ಶುರುಮಾಡಿದಳು. ಮೊದಲ ದನಿ ಸಂದೇಶ ಬಂದಾಗ ಸಂಘಮಿತ್ರ ಅದನ್ನೇ ನೋಡುತ್ತಾ ಕೂತಳು. ಒಂದು ಸಣ್ಣ ಬಾಣ, ಒಂದು ಗೆರೆ. ಒತ್ತಿದರೆ ಗೆರೆಯ ಮೇಲೆ ಚುಕ್ಕೆ ಎಡದಿಂದ ಬಲಕ್ಕೆ ಹೋಗಿ ನಿಲ್ಲುತ್ತಿತ್ತು. ಅಷ್ಟೆ.

ಆವತ್ತೇ ಹೇಳಿಬಿಡಬಹುದಿತ್ತು. "ನಂಗೆ ಕೇಳಲ್ಲ ಕಣಮ್ಮ, ಬರೆದು ಕಳಿಸು" ಎಂದು ಟೈಪು ಕೂಡ ಮಾಡಿದಳು. ಆಮೇಲೆ, ಇದನ್ನು ಓದಿದ ಮೇಲೆ ಆ ಹುಡುಗಿ ಬಾರಿನ ಥರದ ತಮಾಷೆಯನ್ನು ಮತ್ತೆ ಬರೆಯುತ್ತಾಳೆಯೇ ಎನ್ನಿಸಿತು. ಪಾಪ ಎನ್ನುತ್ತಾಳೆ. ಎಲ್ಲರಂತೆ ದೊಡ್ಡ ದೊಡ್ಡ ಅಕ್ಷರದಲ್ಲಿ, ಸಣ್ಣ ಸಣ್ಣ ವಾಕ್ಯದಲ್ಲಿ ಬರೆಯುತ್ತಾಳೆ. ಅಳಿಸಿಬಿಟ್ಟಳು.

ಬೇರೊಂದು ಉಪಾಯ ಇತ್ತು. ವಿಭಾಗದ ಕಂಪ್ಯೂಟರಿನಲ್ಲಿ ಮಾತನ್ನು ಅಕ್ಷರ ಮಾಡಿಕೊಡುವ ಸೌಲಭ್ಯವಿತ್ತು. ಪುಟ್ಟಮಾದಯ್ಯ ಊಟಕ್ಕೆ ಹೋದ ಹೊತ್ತಿನಲ್ಲಿ ಅವಳು ಫೋನನ್ನು ಮೈಕಿನ ಹತ್ತಿರ ಹಿಡಿದು ಸಂದೇಶ ಹಾಕುತ್ತಿದ್ದಳು. ಸೌಮ್ಯ ಕೋಣೆಯೊಳಗಿನಿಂದ ಮಾತಾಡಿದ್ದರೆ ಮುಕ್ಕಾಲು ಪಾಲು ಸರಿ ಬರುತ್ತಿತ್ತು. ಬಯಲಿನಿಂದ ಮಾತಾಡಿದ್ದರೆ ಗಾಳಿಯೂ ಸೇರಿ ಅಡ್ಡಾದಿಡ್ಡಿ ಅಕ್ಷರಗಳು ಬೀಳುತ್ತಿದ್ದವು. "ಗಿಡ ಸಿಗಲಿಲ್ಲ" ಎಂದಿರಬಹುದಾದದ್ದು "ಗಡಿಯಾರ ಸಿಹಿ ಇಲ್ಲ" ಎಂದು ಬಂದಿತ್ತು. ಅವಳು ಅದರಲ್ಲೇ ಊಹಿಸಿ ಉತ್ತರ ಬರೆಯುತ್ತಿದ್ದಳು. ತುಟಿ ನೋಡಿ ಅರ್ಧ ಊಹಿಸಿ ಬದುಕಿದವಳಿಗೆ ಅದೇನೂ ಹೊಸದಲ್ಲ. ಬಹಳ ಸಲ ಸರಿಹೋಗುತ್ತಿತ್ತು.

ಜುಲೈ ತಿಂಗಳಲ್ಲಿ ಸೌಮ್ಯ ಬರೆದಳು. ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು, ಆಸ್ಪತ್ರೆಗೆ ಸೇರಿಸಿದ್ದಾರೆ, ಸಣ್ಣ ಆಪರೇಷನ್ನು, ಎರಡು ದಿನದಲ್ಲಿ ಮನೆಗೆ ಕಳಿಸುತ್ತಾರಂತೆ. "ನೀನು ಬರೋದು ಬೇಡ ಅಂತ ಅಮ್ಮನೇ ಬೈದ್ರು ಅಕ್ಕ." ಸಂಘಮಿತ್ರ ಧೈರ್ಯ ಹೇಳಿದಳು. ಆಪರೇಷನ್ ಆದ ಮಾರನೇ ಬೆಳಿಗ್ಗೆ ಒಂದು ದನಿ ಸಂದೇಶ ಬಂತು. ಚಿಕ್ಕದು. ಅವಳು ಊಟದ ಹೊತ್ತಿನವರೆಗೆ ಕಾದು ಮೈಕಿಗೆ ಹಿಡಿದಳು. ಕಂಪ್ಯೂಟರಿನ ಮೇಲೆ ಬಂದದ್ದು ಇಷ್ಟು: "ಅಕ್ಕ ಅಮ್ಮ ಹೋಗಿಬಿಟ್ಟರು ಬೆಳಿಗ್ಗೆ ಮನೆ ಮನೆಗೆ ನಾನು ಆಗಲೇ."

ಆಸ್ಪತ್ರೆಯಿಂದ ಮನೆಗೆ ಹೋಗಿಬಿಟ್ಟರು. ಅವಳಿಗೆ ಬೇರೆ ಯಾವ ಅರ್ಥವೂ ಹೊಳೆಯಲಿಲ್ಲ. ಸಂತೋಷದಿಂದ ಟೈಪು ಮಾಡಿದಳು: "ಅಬ್ಬ! ಒಳ್ಳೇ ಸುದ್ದಿ ಹೇಳ್ದೆ ಕಣಮ್ಮ. ನನಗೂ ಈಗ ಸಮಾಧಾನ ಆಯ್ತು. ಇನ್ನು ನೀನು ನೆಮ್ಮದಿಯಾಗಿ ನಿದ್ದೆ ಮಾಡು. ಉಳಿದಿರೋ ಹಾಳೆಗಳನ್ನ ನಾಳೆ ಕಳಿಸ್ತೀನಿ." ಕೊನೆಗೆ ಒಂದು ನಗುವ ಮುಖ.

ಓದಿದ ಗುರುತಾಗಿ ಎರಡು ನೀಲಿ ಗೆರೆ ಬಿದ್ದವು. ಉತ್ತರ ಬರಲಿಲ್ಲ.

ಮಾರನೇ ದಿನ ಹಾಳೆಗಳ ಫೋಟೋ ಕಳಿಸಿದಳು. ನೀಲಿ ಗೆರೆಗಳು ಮಾತ್ರ ಬಿದ್ದವು. ಒಂದು ವಾರ ಬಿಟ್ಟು "ಅಮ್ಮ ಹೇಗಿದ್ದಾರೆ?" ಎಂದು ಕೇಳಿದಳು. ಆಮೇಲೆ ನೀಲಿ ಗೆರೆಯೂ ಬೀಳಲಿಲ್ಲ. ಹುಡುಗಿಗೆ ಕೆಲಸ ಹೆಚ್ಚಾಗಿರಬೇಕು ಎಂದುಕೊಂಡಳು. ಮಳೆಗೆ ದಾರಿ ಕೆಟ್ಟಿರಬೇಕು ಎಂದುಕೊಂಡು, ಮರಳುಗಾಡಿನಲ್ಲಿ ಎಂಥ ಮಳೆ ಎಂದು ತನ್ನನ್ನೇ ಬೈದುಕೊಂಡಳು. ಸಂಜೆ ಕೋಣೆಯಲ್ಲಿ ಫೋನನ್ನು ಒಲೆಯ ಪಕ್ಕ ಇಡುವುದನ್ನು ಬಿಟ್ಟು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಮೂರ್ನಾಲ್ಕು ದಿನ ಆದ ಮೇಲೆ ಮತ್ತೆ ಒಲೆಯ ಪಕ್ಕ ಇಟ್ಟಳು.

ಆಗಸ್ಟ್ ಮುಗಿಯುವ ಹೊತ್ತಿಗೆ ಪ್ರೇಮಲೀಲಾ ಮೇಡಂ ಕೋಣೆಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಕಾಗದದ ಮೇಲೆ ಬರೆದರು: "ಜೋಧಪುರದವರು ಇನ್ನು ಮೇಲೆ ಫೋಗ್ ದಾಖಲೆಗಳನ್ನು ನೇರ ನನ್ನ ಇಮೇಲಿನಿಂದಲೇ ಕಳಿಸಬೇಕಂತೆ. ಆ ಹುಡುಗಿಗೆ ಏನಾದ್ರೂ ಅಂದ್ಯಾ?"

"ಇಲ್ಲ ಮೇಡಂ" ಎಂದಳು ಸಂಘಮಿತ್ರ. ಮೇಡಂ ಹೋದ ಮೇಲೆ ಅವಳು ಹಳೆಯ ಸಂದೇಶಗಳನ್ನೆಲ್ಲ ಮೇಲಿನಿಂದ ಓದಿದಳು. ಎಲ್ಲವೂ ಸರಿಯಾಗಿದ್ದವು. ಕೊನೆಯಲ್ಲಿ ಆ ಸಣ್ಣ ಬಾಣ, ಆ ಗೆರೆ. ಅದನ್ನು ಇದುವರೆಗೆ ಒಬ್ಬರೂ ಕಿವಿಯಿಂದ ಕೇಳಿಲ್ಲ. ಪುಟ್ಟಮಾದಯ್ಯ ಏಣಿಯ ಮೇಲೆ ನಿಂತು ಧೂಳು ಹೊಡೆಯುತ್ತಿದ್ದರು. ಅವಳು ಏಣಿಯನ್ನು ತಟ್ಟಿ, ಇಳಿಯಿರಿ ಎಂದು ಕೈ ಮಾಡಿದಳು.

"ಇದೊಂದು ಕೇಳಿ ಹೇಳ್ತೀರಾ? ಒಂದೊಂದು ಮಾತೂ ಬಿಡದೆ ಹೇಳಬೇಕು."

ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿ ಕೇಳಿದರು. ಹಾಗೇ ಹಿಂದಕ್ಕೆ ಸರಿದು ಸ್ಟೂಲಿನ ಮೇಲೆ ಕೂತುಬಿಟ್ಟರು. ಈ ಸಲ ಬಾಯಿ ಅಗಲಿಸಲಿಲ್ಲ. ಮೆಲ್ಲಗೆ ಹೇಳಿದ್ದರಿಂದಲೇ ಅವಳಿಗೆ ಚೆನ್ನಾಗಿ ತಿಳಿಯಿತು.

"ಅಳ್ತಾ ಅಳ್ತಾ ಹೇಳವ್ಳೆ ಕಣವ್ವ. ಅವ್ರ ಅಮ್ಮ ತೀರ್ಕಂಬುಟ್ಟವ್ರೆ. ಬೆಳಿಗ್ಗೆ ಹೋಗ್ಬುಟ್ರು ಅಂತಾಳೆ. ಮನೆಗೆ ಬನ್ನಿ ಅಕ್ಕ, ತಮ್ಮ ಆಸ್ಪತ್ರೇಲವ್ನೆ, ನಾನು ಬರೋವರ್ಗೂ ನಮ್ಮಪ್ಪನ ತಾವ ಯಾರಾದ್ರೂ ಇರ್ಲಿ ಅಂತಾಳೆ."

ಸಂಘಮಿತ್ರ ಫೋನು ತೆಗೆದುಕೊಂಡು ತಾನು ಬರೆದಿದ್ದ ಸಾಲುಗಳನ್ನು ನೋಡಿದಳು. ಅಬ್ಬ, ಒಳ್ಳೇ ಸುದ್ದಿ. ನಗುವ ಮುಖ. ಪುಟ್ಟಮಾದಯ್ಯ ಏನೋ ಕೇಳುತ್ತಿದ್ದರು, ಅವಳು ಅವರ ತುಟಿಯ ಕಡೆ ನೋಡಲಿಲ್ಲ.

ಭಾನುವಾರ ಅವಳು ವಿಜಯನಗರಕ್ಕೆ ಹೊರಟಳು. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ, ಕಂಡಕ್ಟರಿಗೆ ಸ್ಟಾಪು ಬಂದಾಗ ಭುಜ ತಟ್ಟಿ ಎಂದು ಹೇಳಿ, ಮುಂದಿನ ಸೀಟಿನಲ್ಲಿ ಕೂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದಳು, ಒಂದೂ ಜೋಡಿಸಿಕೊಳ್ಳಲಾಗಲಿಲ್ಲ. ಎರಡು ಬಸ್ಸು ಹತ್ತಿದರೆ ತಲುಪಿಬಿಡುವಷ್ಟು ಹತ್ತಿರದಲ್ಲಿ ಆ ಮನೆ ಇತ್ತು. ಆವತ್ತು ಜೋಧಪುರದಿಂದ ಆ ಹುಡುಗಿ ಬಂದು ತಲುಪುವವರೆಗೂ, ಇದೇ ಊರಿನಲ್ಲಿ, ಅವಳು ಕೂತು ಹಾಳೆಗಳ ಫೋಟೋ ತೆಗೆಯುತ್ತಿದ್ದಳು.

ಹಸಿರು ಗೇಟು ತೆರೆದವನು ದಿಲೀಪ್, ಸೌಮ್ಯಳ ತಮ್ಮ. "ಯಾರು ಬೇಕಿತ್ತು?" ಎಂದದ್ದು ತಿಳಿಯಿತು.

"ನಾನು ಸಂಘಮಿತ್ರ. ಕಾಲೇಜಿನ ಹರ್ಬೇರಿಯಂ. ಸೌಮ್ಯಂಗೆ ಪರಿಚಯ."

ಹುಡುಗನ ಮುಖ ಬಿಗಿಯಿತು. ಅವನಿಗೆ ಎಲ್ಲ ಗೊತ್ತಿದೆ ಎನ್ನುವುದು ತುಟಿ ಓದದೆಯೂ ಗೊತ್ತಾಯಿತು. ಬೇರೆ ಕಡೆ ತಿರುಗಿ ಏನೋ ಅಂದ. ಜೇಬಿನಿಂದ ಫೋನು ತೆಗೆದು, ವಿಡಿಯೋ ಕರೆ ಮಾಡಿ, "ನೀವೇ ಮಾತಾಡಿ" ಎನ್ನುವ ಹಾಗೆ ಅವಳ ಕೈಗೆ ಹಿಡಿಸಿದ.

ಪರದೆಯ ಮೇಲೆ ಒಂದು ಮುಖ ಬಂತು. ತಲೆಗೆ ದುಪಟ್ಟ ಸುತ್ತಿಕೊಂಡ, ಬಿಸಿಲಿಗೆ ಕಪ್ಪಾದ, ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕ ಹುಡುಗಿ. ಹಿಂದೆ ಬಿಳಿಚಿಕೊಂಡ ಆಕಾಶ. ಸೌಮ್ಯಳನ್ನು ಅವಳು ನೋಡಿದ್ದು ಅದೇ ಮೊದಲು. ಹುಡುಗಿ ಮಾತಾಡತೊಡಗಿದಳು. ಬಹಳ ವೇಗವಾಗಿ ಮಾತಾಡುತ್ತಿದ್ದಳು. ನೆಟ್‌ವರ್ಕ್ ಸಿಗದೆ ಚಿತ್ರ ನಿಂತು ನಿಂತು ಬರುತ್ತಿತ್ತು. ತುಟಿ ತೆರೆದದ್ದು ಕಾಣುತ್ತಿತ್ತು, ಮುಚ್ಚಿದ್ದು ಕಾಣುತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು.

"ನಂಗೆ ಕೇಳಲ್ಲ ಕಣಮ್ಮ" ಎಂದಳು ಸಂಘಮಿತ್ರ.

ಸೌಮ್ಯ ಎದ್ದು ನಾಲ್ಕು ಹೆಜ್ಜೆ ಆಚೆ ನಡೆದಳು. ಫೋನನ್ನು ಮೇಲೆ ಎತ್ತಿ ಹಿಡಿದಳು. "ಈಗ ಕೇಳ್ತಾ?" ದಿಲೀಪ್ ಕೈ ಚಾಚಿ ಪಕ್ಕದ ಗುಂಡಿ ಒತ್ತಿ ಸದ್ದು ಹೆಚ್ಚು ಮಾಡಿದ.

"ಫೋನು ಸರಿ ಇದೆ. ನನ್ನ ಕಿವಿ ಕೇಳಲ್ಲ. ಹದಿನೈದು ವರ್ಷದ ಮೇಲಾಯ್ತು." ಅವಳು ಎಷ್ಟು ಗಟ್ಟಿಯಾಗಿ ಹೇಳಿದಳೋ, ರಂಗೋಲಿ ಬಿಡುತ್ತಿದ್ದ ಎದುರು ಮನೆಯ ಹೆಂಗಸು ಎದ್ದು ನಿಂತು ನೋಡಿದರು. "ನೀನು ಮಾತಾಡಿ ಕಳಿಸಿದ್ದು ಒಂದೂ ನಂಗೆ ಕೇಳಿಲ್ಲ. ಮಿಷನ್ನಿಗೆ ಹಿಡಿದು ಅಕ್ಷರ ಮಾಡಿಸಿ ಓದ್ತಿದ್ದೆ. ಅಮ್ಮ ಮನೆಗೆ ಹೋದ್ರು ಅಂತ ಬಂತು. ಆಸ್ಪತ್ರೆಯಿಂದ ಮನೆಗೆ ಹೋದ್ರು ಅಂತ ತಿಳ್ಕೊಂಡೆ."

ಪರದೆಯ ಮೇಲಿನ ಮುಖ ಅಲುಗಲಿಲ್ಲ. ನೆಟ್‌ವರ್ಕ್ ಹೋಯಿತೇ, ಹುಡುಗಿಯೇ ಹಾಗೆ ನಿಂತಳೇ, ಅವಳಿಗೆ ತಿಳಿಯಲಿಲ್ಲ. ಆಮೇಲೆ ದುಪಟ್ಟ ಗಾಳಿಗೆ ಅಲುಗಿದ್ದು ಕಂಡಿತು. ದಿಲೀಪ್ ಫೋನು ತೆಗೆದುಕೊಂಡು, ಸ್ವಲ್ಪ ದೂರ ಹೋಗಿ, ಅಕ್ಕನ ಜೊತೆ ಬೆನ್ನು ತಿರುಗಿಸಿ ಮಾತಾಡಿದ.

ಒಳಗಿನಿಂದ ನಂಜುಂಡಸ್ವಾಮಿ ಬಂದರು. ಅರವತ್ತರ ಆಸುಪಾಸಿನ, ಗಡ್ಡ ಬಿಟ್ಟ ಮನುಷ್ಯ. ಬಾಗಿಲಲ್ಲಿ ನಿಂತೇ ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ಕೈ ಸನ್ನೆ ಮಾಡಿ ಒಳಗೆ ಕರೆದು ಕುರ್ಚಿ ತೋರಿಸಿದರು. ತಾವು ಎದುರಿಗೆ, ಬೆಳಕಿಗೆ ಮುಖ ಮಾಡಿ ಕೂತು, ಒಂದೊಂದೇ ಮಾತಾಗಿ ಹೇಳಿದರು.

"ನಮ್ಮಮ್ಮಂಗೂ ಕಿವಿ ಕೇಳ್ತಿರಲಿಲ್ಲ. ತಿಂಡಿ ತಿಂದ್ರಾ?"

ಗೋಡೆಯ ಮೇಲೆ ಬೆಟ್ಟಮ್ಮನ ಫೋಟೋಗೆ ಹೊಸ ಹಾರ ಹಾಕಿತ್ತು. ಸಂಘಮಿತ್ರ ಅದರ ಮುಂದೆ ನಿಂತು ಕೈ ಮುಗಿದಳು. ಆಪರೇಷನ್ ಚೆನ್ನಾಗೇ ಆಗಿತ್ತಂತೆ, ಬೆಳಗಿನ ಜಾವ ಎದೆ ಹಿಡಿದುಕೊಂಡಿತಂತೆ. ದಿಲೀಪ್ ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟ. ಮೂವರೂ ಕೂತು ತಿಂದರು.

ಆ ಸಂಜೆ ಸೌಮ್ಯ ಬರೆದಳು. "ನಿಮ್ಮ ಮೆಸೇಜ್ ಬಂದಾಗ ನಾನು ಏರ್‌ಪೋರ್ಟಲ್ಲಿದ್ದೆ ಅಕ್ಕ. ಓದಿ, ಅಲ್ಲೇ ನೆಲದ ಮೇಲೆ ಕೂತ್ಕೊಂಡೆ. ನಿಮ್ಮ ತಪ್ಪಲ್ಲ ಅಂತ ಈಗ ಗೊತ್ತು. ಆದ್ರೂ ಆ ನಾಲ್ಕು ಸಾಲು ತಲೆಯಿಂದ ಹೋಗ್ತಿಲ್ಲ. ಮೊದಲೇ ಒಂದು ಮಾತು ಹೇಳಬಾರದಿತ್ತಾ? ನಾನು ಏನು ಅಂತಿದ್ದೆ ಅಂದ್ಕೊಂಡ್ರಿ? ಸ್ವಲ್ಪ ದಿನ ಬಿಡಿ ನನ್ನ."

ಸಂಘಮಿತ್ರ "ಆಯ್ತಮ್ಮ" ಎಂದಷ್ಟೇ ಬರೆದಳು. ಆ ಪ್ರಶ್ನೆಗೆ ಅವಳಲ್ಲಿ ಉತ್ತರವಿತ್ತು, ಬರೆಯಲು ಹೋದರೆ ಅದು ಸಮರ್ಥನೆಯಂತೆ ಕಂಡಿತು.

ಸ್ವಲ್ಪ ದಿನ ಎಂದದ್ದು ಸಂಕ್ರಾಂತಿ ಕಳೆಯುವವರೆಗೂ ಹೋಯಿತು. ಆ ತಿಂಗಳುಗಳಲ್ಲಿ ಅವಳು ಹುಲ್ಲಿನ ಜಾತಿಗಳ ಹಾಳೆಗಳನ್ನು ಏರಿಸಿ ಮುಗಿಸಿದಳು. ಪುಟ್ಟಮಾದಯ್ಯನವರಿಗೆ, ಬಾಯಿ ಅಷ್ಟು ಅಗಲಿಸಬೇಡಿ ಎಂದು ಕಡೆಗೂ ಹೇಳಿದಳು. "ಮೊದ್ಲೇ ಯೋಳದಲ್ವ? ದವಡೆ ನೋವು ಬಂದೋಗಿತ್ತು ನಂಗೆ" ಎಂದರು ಅವರು.

ಜನವರಿ ಕೊನೆಯ ಒಂದು ಮಧ್ಯಾಹ್ನ ಕೋಣೆಯ ಬಾಗಿಲಲ್ಲಿ ನೆರಳು ಬಿತ್ತು. ಸೌಮ್ಯ ರಜೆಗೆ ಬಂದಿದ್ದಳು. ತೋಳಿನಡಿ ಎರಡು ರಟ್ಟುಗಳ ನಡುವೆ ಬಿಗಿದು ಕಟ್ಟಿದ ವೃತ್ತಪತ್ರಿಕೆಯ ಕಟ್ಟು. ಇಬ್ಬರೂ ನಿಂತರು. ಸೌಮ್ಯ ಏನೋ ಹೇಳಿದಳು. ಅವಳು ಮಾತಾಡುವಾಗ ತಲೆ ಆಡಿಸುವ ಹುಡುಗಿ, ತುಟಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಸಂಘಮಿತ್ರಳಿಗೆ ಒಂದು ಮಾತೂ ತಿಳಿಯಲಿಲ್ಲ. ಮತ್ತೆ ನಿಧಾನವಾಗಿ ಹೇಳಿ ನೋಡಿದಳು, ಅದೂ ತಿಳಿಯಲಿಲ್ಲ. ಬರೆಯುವಾಗ ಅಷ್ಟು ಸಲೀಸಾಗಿದ್ದವರು ಎದುರುಬದುರು ನಿಂತು ಬೆವರಿದರು. ಕಡೆಗೆ ಸೌಮ್ಯ ಸ್ಟೂಲು ಎಳೆದುಕೊಂಡು ಮೇಜಿನ ಆಚೆ ಕೂತು ಫೋನು ತೆಗೆದು ಟೈಪು ಮಾಡಿದಳು. ಸಂಘಮಿತ್ರಳ ಫೋನು ಮೇಜಿನ ಮೇಲೆ ನಡುಗಿತು.

"ಮೊದಲು ಇದನ್ನ ಬಿಚ್ಚಿ."

ಕಟ್ಟಿನೊಳಗೆ ಒಂದು ಫೋಗ್ ಕೊಂಬೆ ಇತ್ತು. ಒತ್ತಿ ಒಣಗಿಸಿದ್ದರೂ ಹಸಿರು ಇನ್ನೂ ಮಾಸಿರಲಿಲ್ಲ. ಸಂಘಮಿತ್ರ ಈವರೆಗೆ ಹಸಿರಿನ ಫೋಗ್ ನೋಡಿರಲಿಲ್ಲ.

"ಫಲೋದಿಯ ಉತ್ತರಕ್ಕೆ. ನಿಮ್ಮ ಚೀಟೀಲಿ ಎಲ್ಲೆಲ್ಲೂ ಅಂತಿತ್ತಲ್ಲ, ಅಲ್ಲಿ. ದಿನಾಪೂರ್ತಿ ನಡೆದ ಮೇಲೆ ಒಂದು ಗಿಡ ಸಿಕ್ತು. ಒಂದೇ."

"ಒಂದೇ ಇದ್ದಿದ್ದನ್ನ ಕಿತ್ತುಬುಟ್ಯಾ?"

"ಒಂದು ಸಣ್ಣ ಕೊಂಬೆ ಅಷ್ಟೆ ಅಕ್ಕ. ಗಿಡ ಅಲ್ಲೇ ಇದೆ."

ಆ ಸಂಜೆಯವರೆಗೂ ಇಬ್ಬರೂ ಮೇಜಿನ ಎರಡು ಕಡೆ ಕೂತು, ತಲೆ ಬಗ್ಗಿಸಿ, ಒಬ್ಬರಿಗೊಬ್ಬರು ಟೈಪು ಮಾಡಿದರು. ಟೀ ತಂದ ಪುಟ್ಟಮಾದಯ್ಯ ಈ ನೋಟ ನೋಡಿ ತಲೆ ಕೆರೆದುಕೊಂಡು ಹೋದರು. ಕೊಂಬೆಯನ್ನು ಹಾಳೆಗೆ ಅಂಟಿಸಿ, ದಪ್ಪ ಗಂಟುಗಳಿರುವಲ್ಲಿ ಸೂಜಿದಾರದಿಂದ ಹೊಲಿಯುವಾಗ ಸಂಘಮಿತ್ರಳ ಕೈಗೆ ಬಿಡುವಿರಲಿಲ್ಲ. ಆಗ ಸೌಮ್ಯ ಸುಮ್ಮನೆ ನೋಡುತ್ತಾ ಕೂತಳು. ಒಂದು ಸಲ ಬೆಟ್ಟಮ್ಮನ ಮಾತು ಬಂತು. ಸೌಮ್ಯ ಏನೋ ಉದ್ದಕ್ಕೆ ಬರೆದು, ಕಳಿಸದೆ ಅಳಿಸಿ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಸಂಘಮಿತ್ರ ಸೂಜಿ ಕೆಳಗಿಟ್ಟು, ಅವಳ ಪಕ್ಕಕ್ಕೆ ಹೋಗಿ ನಿಂತಳು. ಮುಟ್ಟಲಿಲ್ಲ. ಕ್ಷಮೆ ಕೇಳುವುದೂ ಕೊಡುವುದೂ ಇಬ್ಬರಿಂದಲೂ ಆಗಲಿಲ್ಲ.

ಆಮೇಲೆ ಹಳೆಯ ಹಾಗೆ ಆಗಲಿಲ್ಲವೆಂದೇ ಹೇಳಬೇಕು. ಫೋಗ್ ಕೆಲಸ ಆ ವರ್ಷ ಮುಗಿಯಿತು, ಸೌಮ್ಯ ಕಛ್‌ ಕಡೆ ಬೇರೆ ಕೆಲಸಕ್ಕೆ ಹೋದಳು. ಯುಗಾದಿಗೆ ಬರೆಯುತ್ತಾಳೆ. ಯಾವುದಾದರೂ ಗಿಡದ ಫೋಟೋ ಕಳಿಸಿ, ಇದು ನಿಮ್ಮ ಕಪಾಟಿನಲ್ಲಿದೆಯಾ ಎಂದು ಕೇಳುತ್ತಾಳೆ. ಮಾತಾಡಿ ಕಳಿಸುವುದಿಲ್ಲ. ತಮಾಷೆಯೂ ಕಡಿಮೆ.

ಸಂಘಮಿತ್ರಳ ಗುತ್ತಿಗೆಯನ್ನು ಮೇಡಂ ಇನ್ನೂ ಒಂದು ವರ್ಷಕ್ಕೆ ಮುಂದುವರಿಸಿದ್ದಾರೆ. ಬೇರೆ ಬೇರೆ ಊರಿನ ಸಂಶೋಧಕರು ದಾಖಲೆ ಕೇಳಿ ಬರೆಯುತ್ತಾರೆ. ಅವಳು ಎಲ್ಲರಿಗೂ ನಮಸ್ಕಾರದ ಮುಂದಿನ ಸಾಲಿನಲ್ಲೇ ಬರೆದುಬಿಡುತ್ತಾಳೆ: ನನಗೆ ಕಿವಿ ಕೇಳುವುದಿಲ್ಲ, ಏನಿದ್ದರೂ ಬರೆದು ಕಳಿಸಿ. ಹೆಚ್ಚಿನವರು ಅದಕ್ಕೆ ಸರಿ ಎಂದು, ಬೇಕಾದ್ದನ್ನು ಕೇಳಿ, ಸಿಕ್ಕಿದ ಮೇಲೆ ಧನ್ಯವಾದ ಹೇಳಿ ಮುಗಿಸುತ್ತಾರೆ. ನೀವು ಮೈಸೂರಿನವರೇನಾ ಎಂದು ಯಾರೂ ಕೇಳಿಲ್ಲ. ಕಳೆದ ವಾರ ಕೊಯಮತ್ತೂರಿನ ಒಬ್ಬರು ಹುಲ್ಲುಗಳ ದಾಖಲೆ ಕೇಳಿದ್ದರು. ಅವರಿಗೆ ಕಡೆಯ ಹಾಳೆ ಕಳಿಸುವ ಹೊತ್ತಿಗೆ ಪುಟ್ಟಮಾದಯ್ಯ ಕಿಟಕಿಗಳನ್ನು ಮುಚ್ಚಿದ್ದರು. ಅವಳು ಕ್ಯಾಮೆರಾಕ್ಕೆ ಬಟ್ಟೆ ಹೊದಿಸಿ, ಕಪಾಟುಗಳ ಬೀಗ ಒಂದೊಂದಾಗಿ ಎಳೆದು ನೋಡಿ, ಬಸ್ಸಿಗೆ ನಡೆದಳು.